ಹೆಂಚು 1865 ಅನ್ನುತ್ತದೆ, ಬೋರ್ಡು 1932 ಅನ್ನುತ್ತದೆ: ನಮ್ಮೂರ ಶಾಲೆಗೆ ಎಷ್ಟು ವಯಸ್ಸು?

ಪ್ರಶ್ನೆ: ನಮ್ಮದು ಚಿಂತಾಮಣಿ ಕಡೆಯ ಒಂದು ಹಳ್ಳಿ. ಚರ್ಚಿನ ಕಾಂಪೌಂಡಿನೊಳಗೆ ಒಂದು ಸಣ್ಣ ಕ್ಯಾಥೊಲಿಕ್ ಪ್ರಾಥಮಿಕ ಶಾಲೆ ಇದೆ. ನಮ್ಮ ತಾತ, ನಮ್ಮಪ್ಪ, ನಾನು ಮೂವರೂ ಓದಿದ್ದು ಅಲ್ಲೇ. ಬೋರ್ಡಿನ ಮೇಲೆ 'ಸ್ಥಾಪನೆ 1932' ಅಂತ ಇದೆ. ವರಾಂಡದ ಹೆಂಚು ಇಳಿಸಿದಾಗ ಅದರ ಒಳಮೈಯಲ್ಲಿ 1865 ಅಂತ ಕಂಡಿತು. ಊರಿನ ಹಿರಿಯರು 'ಧಾತು ಬರದ ಕಾಲದ್ದು' ಅನ್ನುತ್ತಾರೆ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರೋಣ ಅಂದುಕೊಂಡಿದ್ದೇವೆ. ಯಾವ ವರ್ಷ ಹಾಕಬೇಕು? ಇನ್ನೊಂದು, ಕಲ್ಲು ಚಪ್ಪಡಿಯ ಹಳೇ ಕೋಣೆ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ಉಳಿಸಿಕೊಳ್ಳಬಹುದಾ? ನಾಲ್ಕು ಫೋಟೊ ಕಳಿಸಿದ್ದೇನೆ. ಊರಿನ ಹೆಸರು ಹಾಕಬೇಡಿ.

ಉತ್ತರ: ಮೊದಲು ಹೆಂಚಿನ ವಿಷಯ ಮುಗಿಸಿಬಿಡೋಣ. ಜಾಸ್ತಿ ಜನ ಮೋಸ ಹೋಗುವುದು ಅಲ್ಲೇ. ನಾನೂ ಹೋಗಿದ್ದೇನೆ.

1865 ನಿಮ್ಮ ಶಾಲೆ ಶುರುವಾದ ವರ್ಷವೂ ಅಲ್ಲ, ಆ ಹೆಂಚು ಸುಟ್ಟ ವರ್ಷವೂ ಅಲ್ಲ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ಅದನ್ನು ಅಚ್ಚಿನಲ್ಲೇ ಕೂರಿಸಿಬಿಟ್ಟಿದ್ದರು. ಆಮೇಲೆ ಎಷ್ಟೋ ವರ್ಷ ಲಕ್ಷಗಟ್ಟಲೆ ಹೆಂಚು ಅದೇ ಅಂಕಿ ಹೊತ್ತು ಹೊರಗೆ ಬಂದವು. ಕಾಫಿಪುಡಿ ಪ್ಯಾಕೆಟ್ ಮೇಲೆ ಅಂಗಡಿ ಇಟ್ಟ ವರ್ಷ ಹಾಕಿರುತ್ತಾರಲ್ಲ, ಹಾಗೆ. ಅದನ್ನು ನೋಡಿ ಯಾರೂ ಪುಡಿಗೆ ಐವತ್ತು ವರ್ಷ ಆಗಿದೆ ಅನ್ನುವುದಿಲ್ಲ.

ಹೆಂಚಿನಲ್ಲಿ ವರ್ಷಕ್ಕಿಂತ ಕಂಪನಿಯ ಹೆಸರು ಹೆಚ್ಚು ಕೆಲಸಕ್ಕೆ ಬರುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್‌ನ ಉದ್ದಿಮೆಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಹೆಂಚಿನ ಮೇಲೆ 'ಕಾಮನ್‌ವೆಲ್ತ್' ಅಂತ ಇದ್ದರೆ ಅದು 1919ರಿಂದ ಈಚಿನದು. ನಿಮ್ಮ ಎರಡನೇ ಫೋಟೊದಲ್ಲಿ 'ಬಾಸೆಲ್ ಮಿಷನ್' ಅನ್ನುವುದು ಓದಲು ಬರುತ್ತದೆ. ಹಾಗಾಗಿ ಹೆಂಚು ಆ ಯುದ್ಧಕ್ಕೆ ಮುಂಚಿನದು ಅನ್ನಬಹುದು. ವರಾಂಡ ಮುಂಚಿನದು ಅನ್ನಲು ಮಾತ್ರ ಆಗುವುದಿಲ್ಲ.

ಯಾಕೆ ಅಂದರೆ ಹೆಂಚು ಊರೂರು ತಿರುಗುತ್ತದೆ. ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಇಂಥದೇ ಹೆಂಚು ಕೈಯಲ್ಲಿ ಹಿಡಿದು, ಊರವರ ಎದುರಿಗೆ, ಈ ಶಾಲೆ ಬಹಳ ಹಳೆಯದು ಅಂತ ಭಾಷಣ ಬಿಗಿದೆ. ಹಿಂದೆ ಕೂತಿದ್ದ ಹೆಂಚು ಹೊದಿಸುವ ಮುದುಕರೊಬ್ಬರು ಕೊನೆಯಲ್ಲಿ ಎದ್ದು ನಿಂತು, 'ಸಾರ್, ಅದು ನಾನೇ ಹೊದಿಸಿದ್ದು. ಒಂದು ಹಳೇ ಮಿಲ್ಲು ಕೆಡವಿದಾಗ ಎರಡು ಗಾಡಿ ಹೆಂಚು ತಂದಿದ್ವಿ' ಅಂದರು. ಜನ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ: ಸಾಮಾನಿನ ಮೇಲಿನ ವರ್ಷ ಕಟ್ಟಡದ ವರ್ಷ ಅಲ್ಲ. ಸಾಮಾನು ಮೊದಲಿನಿಂದ ಅಲ್ಲೇ ಇದ್ದದ್ದು ಅಂತ ಗೊತ್ತಾದರೆ ಮಾತ್ರ, ಕಟ್ಟಡ ಅದಕ್ಕಿಂತ ಹಿಂದಿನದಲ್ಲ ಅನ್ನಬಹುದು. ಅಷ್ಟೇ.

(ಪ್ರಾಟೆಸ್ಟೆಂಟ್ ಮಿಷನ್‌ನವರ ಹೆಂಚು ಕ್ಯಾಥೊಲಿಕ್ ಶಾಲೆಯ ಮೇಲೆ ಹೇಗೆ ಬಂತು ಅಂತಲೂ ಕೇಳಿದ್ದೀರಿ. ದುಡ್ಡು ಕೊಟ್ಟರೆ ಬರುತ್ತಿತ್ತು. ದೇವಸ್ಥಾನ, ಛತ್ರ, ಮಸೀದಿ ಎಲ್ಲದರ ಮೇಲೂ ಅದೇ ಹೆಂಚು ಕೂತಿದೆ.)

ಈಗ 'ಧಾತು ಬರ'. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸೀಮೆಯಲ್ಲಿ ಬಿದ್ದ ಬರ ಕೋಲಾರ, ತುಮಕೂರು ಭಾಗವನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು 41 ಲಕ್ಷ 86 ಸಾವಿರ. ಅಪ್ಪ ಅಮ್ಮ ಇಲ್ಲದೆ ಉಳಿದ ಮಕ್ಕಳನ್ನು ಮಿಷನ್‌ಗಳು ಎತ್ತಿಕೊಂಡು ಸಾಕಿದವು. ಬೆಂಗಳೂರಿನ ಹೊರಗಿನ ಸಿಲ್ವೇಪುರ ಹಾಗೆ ಬರದ ಅನಾಥರಿಗಾಗಿ ಕ್ಯಾಥೊಲಿಕ್ ಗುರುಗಳು ಕಟ್ಟಿಸಿದ ಊರು. ಹಾಗಾಗಿ ಈ ಕಡೆಯ ಎಷ್ಟೋ ಕ್ರೈಸ್ತ ಮನೆತನಗಳ ನೆನಪು ಧಾತು ಬರದಿಂದಲೇ ಶುರುವಾಗುತ್ತದೆ.

ಆದರೆ ಎರಡು ಕಡೆ ಎಚ್ಚರ ಬೇಕು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅಲ್ವಾ? 1876ರ ಧಾತು ಮತ್ತೆ 1936ರಲ್ಲಿ ಬಂತು. ಹಿರಿಯರು 'ಧಾತು ಬರದಲ್ಲಿ' ಅಂದರಾ, 'ಧಾತು ಸಂವತ್ಸರದಲ್ಲಿ' ಅಂದರಾ? ಬರ ಅಂದರೆ 1876. ಬರೀ ಸಂವತ್ಸರ ಅಂದರೆ 1936 ಕೂಡ ಆಗಬಹುದು. ಅದು ನಿಮ್ಮ ಬೋರ್ಡಿನ 1932ರ ಪಕ್ಕದಲ್ಲೇ ಇದೆ. ಮತ್ತೆ ಹೋಗಿ ಕೇಳಿ. ನಿಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಜಾಸ್ತಿ. ಅವರು ಯಾವ ಭಾಷೆಯಲ್ಲಿ ಹೇಳಿದರೋ ಅದೇ ಮಾತಿನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ.

ಎರಡನೆಯದು, 'ಮಿಷನ್ ಸ್ಕೂಲು' ಅಂದ ಕೂಡಲೇ ಅದು ನಿಮ್ಮ ಶಾಲೆಯೇ ಅಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರಿದ್ದರು. ಕೋಲಾರದಲ್ಲಿ ಬರದ ಅನಾಥರನ್ನು ಸಾಕಿದವರು ಮಿಸ್ ಆನ್‌ಸ್ಟಿ. ಅವರ ಕೆಲಸ 1890ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ತುಮಕೂರು, ಗುಬ್ಬಿ ಕಡೆ ವೆಸ್ಲಿಯನ್‌ನವರು. ಇವರೆಲ್ಲ ಪ್ರಾಟೆಸ್ಟೆಂಟರು. ಇವರ ವರದಿಗಳು ಇಂಗ್ಲಿಷಿನಲ್ಲಿ ಸಲೀಸಾಗಿ ಸಿಗುತ್ತವೆ. ಹಾಗಾಗಿ ಸ್ಮರಣ ಸಂಚಿಕೆ ಬರೆಯುವವರು ಅವರ ಶಾಲೆಯ ಕಥೆ ತಂದು ತಮ್ಮ ಶಾಲೆಗೆ ಅಂಟಿಸಿಬಿಡುತ್ತಾರೆ. ಇಂಥ ಎರಡು ಸಂಚಿಕೆ ನಾನೇ ನೋಡಿದ್ದೇನೆ.

ನಿಮ್ಮ ಊರಿಗೆ ಬಂದವರು ಬೇರೆ. ಪ್ಯಾರಿಸ್‌ನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ಮೈಸೂರು ಸೀಮೆಯಲ್ಲಿ ಅವರಿಗೂ ಮುಂಚೆ ಯೇಸು ಸಭೆಯವರು, ಅಂದರೆ ಜೆಸ್ವಿಟರು, ಇದ್ದರು, 1649ರಿಂದ. 1773ರಲ್ಲಿ ಪೋಪರು ಆ ಸಭೆಯನ್ನೇ ರದ್ದು ಮಾಡಿದ ಮೇಲೆ ಪ್ಯಾರಿಸ್‌ನವರು ವಹಿಸಿಕೊಂಡರು. ಜನ ಇವರನ್ನು 'ಸ್ವಾಮಿಯೋರು' ಅಂತಲೇ ಕರೆಯುತ್ತಿದ್ದರು. ಇವರಲ್ಲೊಬ್ಬರಾದ ಅಬ್ಬೆ ದ್ಯುಬುವಾ ಅವರಿಗೆ 'ದೊಡ್ಡ ಸ್ವಾಮಿಯವರು' ಅನ್ನುವ ಹೆಸರೇ ಬಿದ್ದಿತ್ತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಯಿತು. 1940ರಲ್ಲಿ ಅದನ್ನು ಒಡೆದು ಬೆಂಗಳೂರನ್ನು ಬೇರೆ ಮಾಡಿದರು. ನಿಮ್ಮ ಭಾಗ ಬೆಂಗಳೂರಿಗೆ ಸೇರಿತು. ಆದ್ದರಿಂದ 1932ರ ಯಾವುದೇ ಕಾಗದದಲ್ಲಿ 'ಮೈಸೂರು ಧರ್ಮಪ್ರಾಂತ್ಯ' ಅಂತಲೇ ಇರುತ್ತದೆ. ಆಗ ಧರ್ಮಾಧ್ಯಕ್ಷರಾಗಿದ್ದವರು ದೆಪಾತ್ಯೂರ್. 1922ರಿಂದ 1940ರವರೆಗೆ ಅವರೇ. ಗೋಡೆಯಲ್ಲಿ ಎಲ್ಲಾದರೂ ಸುಣ್ಣದಡಿ ಮುಚ್ಚಿಹೋದ ಶಂಕುಸ್ಥಾಪನೆ ಕಲ್ಲು ಸಿಕ್ಕರೆ ಈ ಹೆಸರು ಇದೆಯಾ ನೋಡಿ.

ಇಂಥ ಹಳ್ಳಿಗಳಲ್ಲಿ ಶಾಲೆ ಅನ್ನುವುದು ಒಂದು ದಿನ ರಿಬ್ಬನ್ ಕತ್ತರಿಸಿ ಶುರುವಾಗುತ್ತಿರಲಿಲ್ಲ. ಗುರುಗಳು ಒಂದೇ ಊರಿನಲ್ಲಿ ಇರುತ್ತಿರಲಿಲ್ಲ. ಕುದುರೆ, ಎತ್ತಿನ ಗಾಡಿ ಹತ್ತಿ ಹತ್ತಾರು ಊರು ಸುತ್ತುತ್ತಿದ್ದರು. ಊರಿನಲ್ಲಿ ನಿಂತಿರುತ್ತಿದ್ದವನು ಉಪದೇಶಿ. ಬೆಳಿಗ್ಗೆ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ, ಜೊತೆಗೆ ನಾಲ್ಕಕ್ಷರ, ಮಗ್ಗಿ. ಚರ್ಚಿನ ಜಗುಲಿ, ಇಲ್ಲವೇ ಅವನ ಮನೆಯ ಪಡಸಾಲೆ. ಪಕ್ಕದ ಊರಿನಲ್ಲಿ ಐಗಳು ನಡೆಸುತ್ತಿದ್ದ ಕೂಲಿಮಠಕ್ಕೂ ಇದಕ್ಕೂ ನೋಟದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಲ್ಲೂ ಮರಳ ಮೇಲೆ ಬೆರಳು, ಇಲ್ಲೂ ಮರಳ ಮೇಲೆ ಬೆರಳು. ರಿಜಿಸ್ಟರ್ ಇಲ್ಲ, ಬೋರ್ಡ್ ಇಲ್ಲ, ಗಂಟೆ ಮಾತ್ರ ಚರ್ಚಿನದು.

ರಿಜಿಸ್ಟರ್ ಬರುವುದು ಸರ್ಕಾರದ ಮಾನ್ಯತೆ, ಗ್ರಾಂಟು ಬೇಕಾದಾಗ. ಮೈಸೂರಿನಲ್ಲಿ ಲೂಯಿ ರೈಸ್ ಅವರ ಕಾಲದಲ್ಲಿ, 1868ರ ಸುಮಾರಿಗೆ, ಹೋಬಳಿ ಶಾಲೆಗಳು ಶುರುವಾದವು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1930ರಲ್ಲಿ ಇನ್ನೊಂದು ಬಂದು, ಪ್ರಾಥಮಿಕ ಶಾಲೆಗಳ ಉಸ್ತುವಾರಿ ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು. 1941ರಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ನಿಮ್ಮ ಬೋರ್ಡಿನ 1932 ಆ ಮಧ್ಯದ ಕಾಲಕ್ಕೆ ಸರಿಯಾಗಿ ಬೀಳುತ್ತದೆ. ಉಸ್ತುವಾರಿ ಬದಲಾದಾಗ ಶಾಲೆಯನ್ನು ಹೊಸದಾಗಿ ಪಟ್ಟಿಗೆ ಸೇರಿಸಿರಬಹುದು ಎಂಬುದು ನನ್ನ ಅಂದಾಜು. ಅಂದಾಜು ಅಷ್ಟೇ. ಅದನ್ನು ಪರೀಕ್ಷೆ ಮಾಡಲು ಒಂದು ದಾರಿ ಇದೆ.

ಶಾಲೆಯ ಬೀರುವಿನಲ್ಲಿ ಮೊದಲನೇ ದಾಖಲಾತಿ ಪುಸ್ತಕ ಇರುತ್ತದೆ. ಹೆಡ್ಮಿಸ್ ಅನುಮತಿ ಕೊಟ್ಟರೆ ಅವರ ಎದುರಿಗೇ ತೆಗೆದು ನೋಡಿ. ಮೊದಲ ಪುಟದ ಮೊದಲ ಸಾಲಿನ ವರ್ಷ ನೋಡಿ ಮುಚ್ಚಿಟ್ಟುಬಿಡುತ್ತಾರೆ ಎಲ್ಲರೂ. ಹಾಗೆ ಮಾಡಬೇಡಿ. ಮೊದಲ ಮೂವತ್ತು ನಲವತ್ತು ಹೆಸರು ಓದಿ. ಯಾವ ತರಗತಿಗೆ ಸೇರಿದರು, ಆಗ ವಯಸ್ಸೆಷ್ಟು, ಯಾವ ದಿನ ಸೇರಿದರು, ಈ ಮೂರು ಕಾಲಂ ಸಾಕು. ಆ ವರ್ಷವೇ ಹೊಸದಾಗಿ ಶುರುವಾದ ಶಾಲೆಯಾದರೆ ಬಹುಪಾಲು ಮಕ್ಕಳು ಶಿಶು ತರಗತಿಗೋ ಒಂದನೇ ತರಗತಿಗೋ ಸೇರಿರುತ್ತಾರೆ, ಬೇರೆ ಬೇರೆ ದಿನ. ಅದರ ಬದಲು ಒಂದೇ ತಾರೀಖಿಗೆ, ಒಂದೇ ಕೈಬರಹದಲ್ಲಿ, ಒಂದೇ ಮಸಿಯಲ್ಲಿ ನಲವತ್ತು ಮಕ್ಕಳು ಒಂದರಿಂದ ನಾಲ್ಕನೇ ತರಗತಿವರೆಗೆ ಹಂಚಿಕೊಂಡು ಕೂತಿದ್ದರೆ? ನಾಲ್ಕನೇ ತರಗತಿಯ ಹುಡುಗ ಆಕಾಶದಿಂದ ಬೀಳುವುದಿಲ್ಲ. ಮೂರು ವರ್ಷ ಎಲ್ಲೋ ಕಲಿತಿದ್ದಾನೆ. 'ಹಿಂದಿನ ಶಾಲೆ' ಕಾಲಂ ಖಾಲಿ ಇದ್ದರಂತೂ ಅವನು ಅಲ್ಲೇ ಕಲಿತವನು ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಆಗ 1932 ಪುಸ್ತಕ ತೆರೆದ ವರ್ಷ. ಶಾಲೆ ಅದಕ್ಕೂ ಹಳೆಯದು.

ಪುಸ್ತಕ ಕೈಯಲ್ಲಿರುವಾಗ ಇನ್ನೆರಡು ನೋಡಿಕೊಳ್ಳಿ. ತಂದೆಯ ಕಸುಬು ಏನು ಬರೆದಿದ್ದಾರೆ, ಹೆಣ್ಣುಮಕ್ಕಳು ಯಾವ ವರ್ಷದಿಂದ ಜಾಸ್ತಿಯಾದರು. ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಲೇಖನ ಸಿಗುವುದಿಲ್ಲ. ಹಾಜರಿ ಪುಸ್ತಕಗಳೂ ಉಳಿದಿದ್ದರೆ ಪುಣ್ಯ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಾಜರಿಯಲ್ಲಿ ರೇಷ್ಮೆ ಬೆಳೆ ಎದ್ದು ಕಾಣುತ್ತದೆ. ಹುಳು ಹಣ್ಣಾದ ವಾರ ಮಕ್ಕಳು ಹುಳು ಗೂಡು ಕಟ್ಟುವ ಚಂದ್ರಿಕೆ ಹತ್ತಿರ, ಮೇಷ್ಟ್ರು ಖಾಲಿ ಕೋಣೆಯಲ್ಲಿ. ಹುಟ್ಟಿದ ತಾರೀಖನ್ನು ಮಾತ್ರ ನಂಬಬೇಡಿ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ. ಮತ್ತೆ, ಆ ಪುಟಗಳಲ್ಲಿ ಜಾತಿ, ತಂದೆಯ ಹೆಸರು ಎಲ್ಲ ಇರುತ್ತದೆ. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಚರ್ಚಿನ ಕಡೆ ಜ್ಞಾನಸ್ನಾನದ (ಬ್ಯಾಪ್ಟಿಸಮ್) ದಾಖಲೆ ಪುಸ್ತಕ ಇದೆ. ಹಳೆಯವು ಲ್ಯಾಟಿನ್‌ನಲ್ಲಿರುತ್ತವೆ, ಹೆದರಬೇಡಿ. ಎಲ್ಲ ನಮೂದೂ ಒಂದೇ ಅಚ್ಚು: ಇಂಥ ದಿನ, ಇಂಥವರ ಮಗುವಿಗೆ, ನಾನು ಸ್ನಾನ ಕೊಟ್ಟೆ, ಜ್ಞಾನತಂದೆ ಇಂಥವರು. ಉಪದೇಶಿ ಅನ್ನುವುದಕ್ಕೆ 'ಕತೆಕಿಸ್ತ' ಅಂತ ಇರುತ್ತದೆ. ಒಂದೇ ಹೆಸರು ಹತ್ತಿಪ್ಪತ್ತು ಮಕ್ಕಳಿಗೆ ಜ್ಞಾನತಂದೆಯಾಗಿ ಬಂದರೆ, ಅವನೇ ನಿಮ್ಮ ಮೊದಲ ಮೇಷ್ಟ್ರು ಇರಬಹುದು. ಪ್ಯಾರಿಸ್‌ನವರ ವಾರ್ಷಿಕ ವರದಿಗಳೂ ಉಳಿದಿವೆ, ಈಗ ಇಂಟರ್‌ನೆಟ್‌ನಲ್ಲೇ ಓದಬಹುದು. ಭಾಷೆ ಫ್ರೆಂಚ್. ಊರಿನ ಹೆಸರು ಹುಡುಕುವಾಗ ನಮ್ಮ 'ಉ'ಕಾರಕ್ಕೆ ಅವರು ಓ, ಯು ಎರಡು ಅಕ್ಷರ ಜೋಡಿಸುತ್ತಾರೆ ಅನ್ನುವುದು ನೆನಪಿರಲಿ. ಅದು ಗೊತ್ತಿಲ್ಲದೆ ಹುಡುಕಿದರೆ ಏನೂ ಸಿಗುವುದಿಲ್ಲ.

ಸರ್ಕಾರಿ ಕಾಗದದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಮುಂಚೆ ಚಿಂತಾಮಣಿ ಕೋಲಾರ ಜಿಲ್ಲೆ. ಹಾಗಾಗಿ ಹಳೇ ಕಡತವನ್ನು ಕೋಲಾರದ ಹೆಸರಿನಲ್ಲೇ ಕೇಳಬೇಕು. ಸಂಸ್ಥಾನ ಕಾಲದ ಶಿಕ್ಷಣ ಇಲಾಖೆಯ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಜಾಗದ ಕಾಗದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ, ಸರ್ವೆ ಕಚೇರಿಯ ಮೂಲ ಟಿಪ್ಪಣಿ, ಗ್ರಾಮ ನಕ್ಷೆ. ಆನ್‌ಲೈನ್ ಇಸಿ (ಋಣಭಾರ ಪತ್ರ) ಈಚಿನ ವರ್ಷಗಳಿಗೆ ಸರಿ. 1932ಕ್ಕೆ ಅದು ಕೆಲಸಕ್ಕೆ ಬಾರದು, ಕೈಬರಹದ ಪುಸ್ತಕವನ್ನೇ ತೆಗೆಸಬೇಕು.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ, ನಿಮ್ಮ ಫೋಟೊಗಳು.

ಮೊದಲನೇ ಫೋಟೊ: ಚಪ್ಪಡಿ ಕೋಣೆಯ ಹೊರಗೋಡೆ. ಬಾಗಿಲ ಹತ್ತಿರ ಗೋಡೆಯ ದಪ್ಪ ಎರಡಡಿ ಹತ್ತಿರ ಇದೆ. ಸೈಜುಗಲ್ಲು, ಒಳಗೆ ಮಣ್ಣು, ಸಂದಿಗೆ ಮಾತ್ರ ಸುಣ್ಣದ ಗಾರೆ. ಮೇಲೆ ಅಲ್ಲಲ್ಲಿ ಕಾಣುವ ಬೂದು ತೇಪೆ ಸಿಮೆಂಟು, ಅದು ಆಮೇಲಿನದು. ಚಪ್ಪಡಿಯ ಅಂಚನ್ನು ದೊಡ್ಡದು ಮಾಡಿ ನೋಡಿದೆ. ಸಾಲಾಗಿ ಸಣ್ಣ ಸಣ್ಣ ಚೌಕದ ಗುರುತುಗಳಿವೆ. ಅದು ಉಳಿಯಿಂದ ಗುಳಿ ತೋಡಿ, ಕಬ್ಬಿಣದ ಬೆಣೆ ಹೊಡೆದು ಸೀಳಿದ ಕಲ್ಲು. ಈಚಿನ ಕಲ್ಲಾದರೆ ಅಂಚಿನಲ್ಲಿ ಅರ್ಧ ಕೊಳವೆಯಂಥ ಉದ್ದ ಗೀರು ಇರುತ್ತದೆ, ಕಂಪ್ರೆಸರ್ ಡ್ರಿಲ್‌ನದು. ನಿಮ್ಮಲ್ಲಿ ಅದು ಒಂದೂ ಇಲ್ಲ. ಬೆಣೆಯಲ್ಲಿ ಸೀಳುವುದು ನಮ್ಮ ಕಡೆ ಬಹಳ ಈಚಿನವರೆಗೂ ಇತ್ತು, ಇದೊಂದರಿಂದಲೇ ವರ್ಷ ಹೇಳಲಾಗುವುದಿಲ್ಲ. ಆದರೆ ದಪ್ಪ ಗೋಡೆ, ಮಣ್ಣು, ಸುಣ್ಣ, ಬೆಣೆ ನಾಲ್ಕೂ ಒಟ್ಟಿಗೆ ಇದ್ದಾಗ ಕೋಣೆ ಸಿಮೆಂಟು ಮನೆ ಮನೆಗೆ ಬರುವ ಮುಂಚಿನದು ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

ಮೂರನೇ ಫೋಟೊ ನೋಡಿ ನಾನು ಸ್ವಲ್ಪ ಹೊತ್ತು ಎದ್ದು ಓಡಾಡಿದೆ. ಕೋಣೆಯ ಒಳಗೆ ಒಂದು ತುದಿಯಲ್ಲಿ, ಗೋಡೆಯಿಂದ ಗೋಡೆಗೆ ಪೂರ್ತಿ ಅಗಲಕ್ಕೆ, ಒಂದು ಮೆಟ್ಟಿಲಿನಷ್ಟು ಎತ್ತರದ ಕಟ್ಟೆ. 'ಮೇಷ್ಟ್ರು ನಿಲ್ಲುವ ಕಟ್ಟೆ' ಅಂತ ಬರೆದಿದ್ದೀರಿ. ಅದರ ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಗೂಡು, ಈಗ ಡಸ್ಟರ್, ಸೀಮೆಸುಣ್ಣ ಇಟ್ಟಿದ್ದೀರಿ. ಎದುರು ತುದಿಯಲ್ಲಿ ಚರ್ಚಿನ ಕಡೆಗೆ ಮುಖ ಮಾಡಿದ ಒಂದು ಅಗಲ ಬಾಗಿಲು, ಇಟ್ಟಿಗೆಯಿಂದ ಮುಚ್ಚಿದ್ದು. ಮೇಷ್ಟ್ರಿಗೆ ಕಟ್ಟೆ ಕಟ್ಟುವವರು ಪೂರ್ತಿ ಅಗಲಕ್ಕೆ ಕಟ್ಟುವುದು ಕಡಿಮೆ, ಬೋರ್ಡಿನ ಮುಂದೆ ಒಂದಿಷ್ಟು ಕಟ್ಟಿ ಬಿಡುತ್ತಾರೆ. ಪೂರ್ತಿ ಅಗಲದ ಕಟ್ಟೆ, ಬಲಗಡೆ ಗೂಡು, ಎದುರಿಗೆ ನೇರವಾಗಿ ದೊಡ್ಡ ಬಾಗಿಲು. ಇದು ಪೂಜೆಯ ಕೋಣೆಯ ಲೆಕ್ಕ. ಕಟ್ಟೆಯ ಮೇಲೆ ಬಲಿಪೀಠ, ಗೂಡಿನಲ್ಲಿ ನೀರು ಮತ್ತು ದ್ರಾಕ್ಷಾರಸದ ಕುಡಿಕೆ, ಆ ಬಾಗಿಲಿನಿಂದ ಜನ.

ನನ್ನ ಮಟ್ಟಿಗೆ ನಿಮ್ಮ ಚಪ್ಪಡಿ ಕೋಣೆ ಶಾಲೆಗೆಂದು ಕಟ್ಟಿದ್ದಲ್ಲ. ಅದು ಊರಿನ ಹಳೇ ಚರ್ಚು. ಹೊಸ ಚರ್ಚು ಪಕ್ಕದಲ್ಲಿ ಎದ್ದ ಮೇಲೆ ಹಳೆಯದನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ. ಮಿಷನ್ ಊರುಗಳಲ್ಲಿ ಹೀಗಾಗುವುದು ಹೊಸದಲ್ಲ, ದುಡ್ಡು ಕಡಿಮೆ ಇದ್ದ ಕಡೆ ಒಂದು ಸೂರು ಮೂರು ಕೆಲಸ ಮಾಡುತ್ತಿತ್ತು. ಇದು ನಿಜವಾದರೆ ನಿಮ್ಮ ಗಲಿಬಿಲಿ ತಾನಾಗೇ ಬಿಡಿಸಿಕೊಳ್ಳುತ್ತದೆ. ಹಿರಿಯರು ಹೇಳಿದ್ದು ಕಟ್ಟಡದ ವಯಸ್ಸು. ಬೋರ್ಡು ಹೇಳುವುದು ಪುಸ್ತಕದ ವಯಸ್ಸು. ಹೆಂಚು ಹೇಳುವುದು ಜೆಪ್ಪುವಿನ ಕಾರ್ಖಾನೆಯ ವಯಸ್ಸು. ನಿಮ್ಮ ಹೊಸ ಚರ್ಚಿನ ಮೇಲೆ ಕಟ್ಟಿದ ವರ್ಷ ಇದ್ದರೆ ಕಳಿಸಿ. ಹಳೇ ಕೋಣೆ ಶಾಲೆಯಾಗಿದ್ದು ಹೆಚ್ಚು ಕಮ್ಮಿ ಆಗಲೇ.

ವರಾಂಡ ಆಮೇಲೆ ಸೇರಿಸಿದ್ದು. ಅದರ ಅಡ್ಡತೊಲೆ ಗೋಡೆಯೊಳಗೆ ಕೂತಿಲ್ಲ, ಹೊರಗೆ ಕಲ್ಲಿನ ಚಾಚು ಕೊಟ್ಟು ನಿಲ್ಲಿಸಿದ್ದಾರೆ. ಒಂದು ತೊಲೆ ಕಬ್ಬಿಣದ್ದು ಇದ್ದ ಹಾಗಿದೆ. ಅದರ ಹೊಟ್ಟೆಯ ಪಕ್ಕ ಬಣ್ಣ ಕೆರೆದರೆ ಉಬ್ಬು ಅಕ್ಷರ ಸಿಗಬಹುದು. 'ಟಾಟಾ' ಅಂತ ಇದ್ದರೆ 1912ರ ಈಚಿನದು, ಜಮ್‌ಶೆಡ್‌ಪುರದಲ್ಲಿ ಉಕ್ಕು ಬಂದಿದ್ದೇ ಆ ವರ್ಷ. 'ಡಾರ್ಮನ್ ಲಾಂಗ್' ಅಂತ ಇದ್ದರೆ ಇಂಗ್ಲೆಂಡಿನದು. ಹಳೇ ರೈಲು ಕಂಬಿಯಾಗಿದ್ದರೆ ವರ್ಷವೇ ಇರುತ್ತದೆ, ಆದರೆ ಕಂಬಿ ಎಷ್ಟೋ ವರ್ಷ ರೈಲಿನಡಿ ದುಡಿದು ಗುಜರಿಗೆ ಬಂದದ್ದು ಅನ್ನುವುದು ಮರೆಯಬೇಡಿ. ನಾಲ್ಕನೇ ಫೋಟೊದ ಆರ್‌ಸಿಸಿ ಕೋಣೆಗಳ ಬಗ್ಗೆ ಹೇಳುವಂಥದು ಹೆಚ್ಚಿಲ್ಲ. 1961ರ ಕಡ್ಡಾಯ ಶಿಕ್ಷಣ ಕಾಯಿದೆಯ ಮೇಲೆ ಎಲ್ಲ ಕಡೆ ಮಕ್ಕಳು ಜಾಸ್ತಿಯಾದರು, ಕೋಣೆ ಸಾಲಲಿಲ್ಲ. ಮೂಲೆಯ ಕಿಟಕಿ ಇಲ್ಲದ ಸಣ್ಣ ಕೋಣೆಯನ್ನು ಊರವರು 'ಉಪ್ಪಿಟ್ಟು ರೂಮು' ಅನ್ನುತ್ತಾರೆ ಅಂದಿರಿ. ಅಮೆರಿಕದಿಂದ ಬರುತ್ತಿದ್ದ ರವೆ, ಎಣ್ಣೆ ಡಬ್ಬ, ಹಾಲಿನ ಪುಡಿ ಇಡುತ್ತಿದ್ದ ಜಾಗ. ಆ ಉಪ್ಪಿಟ್ಟಿನ ವಾಸನೆ ನೆನಪಿರುವ ಹೆಂಗಸರನ್ನು ಹಿಡಿದು ಮಾತಾಡಿಸಿ. ಗಂಡಸರು ವರ್ಷ ಹೇಳುತ್ತಾರೆ, ಅದೂ ತಪ್ಪು ವರ್ಷ. ಹೆಂಗಸರು ಯಾವ ಸಿಸ್ಟರ್ ಇದ್ದಾಗ, ಯಾರ ಮದುವೆಯ ಮುಂಚೆ ಅಂತ ಹೇಳುತ್ತಾರೆ. ಅದನ್ನು ಚರ್ಚಿನ ಮದುವೆ ಪುಸ್ತಕದಲ್ಲಿ ತಾಳೆ ನೋಡಬಹುದು.

ಇನ್ನು ಕೆಡವುವ ಮಾತು. ಇಲ್ಲಿ ನಾನು ಹಳೇ ಕಟ್ಟಡದ ಪ್ರೀತಿ ಪಕ್ಕಕ್ಕಿಟ್ಟು ಹೇಳುತ್ತೇನೆ. ಎಂಜಿನಿಯರ್ ನೋಡಿ ಹೇಳುವವರೆಗೆ ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಹತ್ತಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪದ ಒಂದು ಚಪ್ಪಡಿ ಸುಮಾರು 380 ಕಿಲೊ ತೂಗುತ್ತದೆ. ಸೋರುತ್ತದೆ ಅಂತ ಒಂದೊಂದು ಮಳೆಗಾಲಕ್ಕೆ ಒಂದೊಂದು ಸಲ ಮೇಲೆ ಗಾರೆ, ಇಟ್ಟಿಗೆ ಚೂರು, ಸಿಮೆಂಟು ಸುರಿದಿರುತ್ತಾರೆ. ಅದು ನಾಲ್ಕಿಂಚು ಆದರೆ ಒಂದೊಂದು ಚಪ್ಪಡಿಯ ಮೇಲೆ ಇನ್ನೂ 250 ಕಿಲೊ. ಕಲ್ಲು ಅದುಮಿದರೆ ತಡೆಯುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಒಳಗೆ ಕಂಬಿ ಇಲ್ಲ. ಆರ್‌ಸಿಸಿ ಆದರೆ ಬಿರುಕು, ತುಕ್ಕು ತೋರಿಸಿ ಎಚ್ಚರಿಸುತ್ತದೆ. ಚಪ್ಪಡಿ ಟಪ್ ಅಂತ ಮುರಿಯುತ್ತದೆ, ಅಷ್ಟೇ. ನಿಮ್ಮ ಮೂರನೇ ಫೋಟೊದಲ್ಲಿ ಕಟ್ಟೆಯಿಂದ ಎರಡನೇ ಚಪ್ಪಡಿಯ ನಡುವೆ ಒಂದು ಕಪ್ಪು ಗೆರೆ ಇದೆ. ಅದು ಜೇಡರ ಬಲೆಯಾಗಿರಲಿ ಅಂತ ಹಾರೈಸುತ್ತೇನೆ.

ಮ್ಯಾನೇಜ್‌ಮೆಂಟಿನವರು ಅವಸರ ಮಾಡುವುದಕ್ಕೂ ಕಾರಣ ಇದೆ. 2004ರ ಜುಲೈನಲ್ಲಿ ಕುಂಭಕೋಣಂನ ಒಂದು ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳ ಕಟ್ಟಡ ಸುರಕ್ಷತೆಯ ಬಗ್ಗೆ ಆದೇಶ ಕೊಟ್ಟಿತು. ಅಂದಿನಿಂದ ಮಾನ್ಯತೆಯ ನವೀಕರಣಕ್ಕೆ ಕಟ್ಟಡ ಸುರಕ್ಷಿತ ಅನ್ನುವ ಕಾಗದ ಬೇಕು. ಹಳೇ ಕೋಣೆಗೆ ಆ ಕಾಗದ ಕೊಡಲು ಎಂಜಿನಿಯರುಗಳು ಹಿಂಜರಿಯುತ್ತಾರೆ. ಕೆಡವಿದರೆ ಕಿರಿಕಿರಿ ಮುಗಿಯಿತು. ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಫಾದರ್ ಅವರನ್ನು ಊರಿನ ಶತ್ರು ಮಾಡಿಕೊಳ್ಳಬೇಡಿ, ಜವಾಬ್ದಾರಿ ಅವರ ತಲೆ ಮೇಲಿದೆ.

ಆದರೆ ಕೆಡವುವುದೊಂದೇ ದಾರಿಯಲ್ಲ. ಕಲ್ಲಿನ ಕಟ್ಟಡ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಮೇಲಿನ ಹೆಚ್ಚುವರಿ ಗಾರೆ ಇಳಿಸಿದರೇ ಐದರಲ್ಲಿ ಎರಡು ಪಾಲು ಭಾರ ಹೋಗುತ್ತದೆ. ಚಪ್ಪಡಿಗಳ ನಡುವಿಗೆ ಒಂದು ಕಬ್ಬಿಣದ ತೊಲೆ ಕೊಟ್ಟು, ಎರಡು ಕಡೆ ಕಂಬ ನಿಲ್ಲಿಸಿದರೆ ಹತ್ತಡಿಯ ಕಲ್ಲು ಎರಡು ಐದಡಿಯ ಕಲ್ಲಿನಂತೆ ಕೆಲಸ ಮಾಡುತ್ತದೆ. ಬಿರುಕು ಬಿಟ್ಟದ್ದನ್ನು ಮಾತ್ರ ಬದಲಿಸಬಹುದು, ನಿಮ್ಮ ತಾಲ್ಲೂಕಿನಲ್ಲಿ ಕಲ್ಲಿಗೂ ಕಲ್ಲು ಕೆಲಸದವರಿಗೂ ಬರವಿಲ್ಲ. ಗೋಡೆಗೆ ಬಳಿದ ಸಿಮೆಂಟನ್ನು ಕೆರೆದು ಮತ್ತೆ ಸುಣ್ಣದ ಗಾರೆ ಹಾಕಿಸಿ. ಮಣ್ಣಿನ ಗೋಡೆ ತೇವ ಹೀರಿ ಬಿಡುವ ಗೋಡೆ. ಸಿಮೆಂಟು ಬಳಿದರೆ ನೀರು ಒಳಗೇ ಉಳಿದು, ಬುಡದಲ್ಲಿ ಉಪ್ಪು ಎದ್ದು, ಮಣ್ಣು ಸಡಿಲಾಗುತ್ತದೆ. ಆ ಕೋಣೆಯನ್ನು ತರಗತಿ ಮಾಡದೆ ಲೈಬ್ರರಿಯೋ ಹಳೇ ವಸ್ತುಗಳ ಕೋಣೆಯೋ ಮಾಡುವುದಾದರೆ ಒಪ್ಪಿಸುವುದು ಇನ್ನೂ ಸುಲಭ.

ಎಷ್ಟು ಹೇಳಿದರೂ ಕೆಡವುವುದೇ ಅಂತಾದರೆ ಮೊದಲು ಒಂದು ಭಾನುವಾರ ಟೇಪು ಹಿಡಿದು ಎಲ್ಲ ಅಳತೆ ತೆಗೆದುಕೊಳ್ಳಿ. ಉದ್ದ, ಅಗಲ, ಗೋಡೆಯ ದಪ್ಪ, ಕಟ್ಟೆ, ಗೂಡು, ಬಾಗಿಲು. ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬ್ಲೇಡಿನಿಂದ ಮೆಲ್ಲಗೆ ಕೆರೆದು, ಬಣ್ಣದ ಪದರ ಎಷ್ಟು, ಯಾವ ಬಣ್ಣ ಅಂತ ಬರೆದಿಡಿ. ಕಟ್ಟೆಯ ಹಿಂದಿನ ಗೋಡೆಯಲ್ಲಿ, ಕರಿಹಲಗೆಯ ಅಡಿಯಲ್ಲಿ, ನೀಲಿ ಬಣ್ಣವೋ ಚಿತ್ತಾರವೋ ಸಿಕ್ಕರೆ ಕೆರೆಯುವುದನ್ನು ಅಲ್ಲಿಗೇ ನಿಲ್ಲಿಸಿ ನನಗೆ ಫೋನ್ ಮಾಡಿ.

ಸಂಚಿಕೆಗೆ ಯಾವ ವರ್ಷ ಅಂತ ಕೇಳಿದ್ದಿರಿ. ಮುಖಪುಟಕ್ಕೆ 1932ನ್ನೇ ಇಡಿ, 'ದಾಖಲೆಯಲ್ಲಿರುವಂತೆ' ಅಂತ ಸೇರಿಸಿ. ಒಳಗಿನ ಲೇಖನದಲ್ಲಿ ಹಳೇ ಚರ್ಚಿನ ಕೋಣೆ, ಉಪದೇಶಿ, ಧಾತು ಬರದ ಮಾತು ಎಲ್ಲ ಬರಲಿ, ಯಾರು ಹೇಳಿದ್ದು ಅನ್ನುವುದರ ಸಮೇತ. 1865 ಮಾತ್ರ ಬೇಡ.

ಒಂದು ಕೆಲಸ ಈ ವಾರವೇ ಮಾಡಿ. ಆ ಮುಚ್ಚಿದ ಬಾಗಿಲಿನ ಹೊರಗಡೆ, ಚರ್ಚಿನ ಕಡೆಯಿಂದ ಹೋಗಿ, ಮಣ್ಣು ಸರಿಸಿ ನೋಡಿ. ಹೊಸ್ತಿಲ ಕಲ್ಲು ಇನ್ನೂ ಅಲ್ಲೇ ಇದೆಯಾ? ಇದ್ದರೆ ನಡುವೆ ಸವೆದಿದೆಯಾ, ಎಷ್ಟು ಸವೆದಿದೆ? ಮೇಲೆ ಒಂದು ನೇರ ಕೋಲು ಅಡ್ಡ ಇಟ್ಟು, ಕೆಳಗಿನ ಸಂದಿಯನ್ನು ಸ್ಕೇಲಿನಲ್ಲಿ ಅಳೆದು ಫೋಟೊ ಕಳಿಸಿ. ಸ್ಕೇಲು ಫೋಟೊದಲ್ಲಿ ಕಾಣಲಿ.